ಒಂದು ಮತಕ್ಕೆ ಆರು ವಾರಸುದಾರರು

ನಮ್ಮ ಮೈಸೂರಿನ ಮನೆಗಳಲ್ಲಿ ‘ಇಲ್ಲ’ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಆಗಲಿ, ನೋಡೋಣ’ ಎನ್ನುತ್ತೇವೆ. ಕೇಳಿದವರು ಅದರ ಅರ್ಥವನ್ನು ತಿಳಿದು, ಕಾಫಿ ಕುಡಿದು, ಬೇಸರವಿಲ್ಲದೆ ಎದ್ದು ಹೋಗುತ್ತಾರೆ. ಇದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಬ್ರಿಟನ್ನಿನ ಚುನಾವಣಾ ಕಾರ್ಯಕರ್ತರ ಮುಂದೆ ಹೇಳಿದರೆ ಅದು ‘ಖಂಡಿತ ಹಾಕುತ್ತೇನೆ’ ಎಂದು ಪಟ್ಟಿಯಲ್ಲಿ ದಾಖಲಾಗುತ್ತದೆ ಎಂಬ ತಿಳಿವಳಿಕೆ ನನಗೆ 2024ರ ಜುಲೈ 4ರ ಸಂಜೆಯವರೆಗೂ ಇರಲಿಲ್ಲ.

ಆ ದೇಶದ ಪ್ರಜೆಯಲ್ಲದ ನನಗೆ ಅಲ್ಲಿ ಮತ ಹಾಕುವ ಹಕ್ಕು ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ವಾಸದ ಪರವಾನಗಿಯೊಂದಿಗೆ ಬ್ರಿಟನ್ನಿನಲ್ಲಿದ್ದರೆ ಅಲ್ಲಿಯ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಚಲಾಯಿಸಬಹುದು. ಹೀಗಾಗಿ, ಬಂದು ಎರಡು ವರ್ಷವಾಗಿದ್ದ, ಇನ್ನೂ ಕಸದ ಯಾವ ಡಬ್ಬಿಯನ್ನು ಯಾವ ವಾರ ಹೊರಗಿಡಬೇಕೆಂಬುದೇ ಸರಿಯಾಗಿ ತಿಳಿಯದ ನನಗೆ ಮತವಿತ್ತು. ಪಕ್ಕದ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ತೆರಿಗೆ ಕಟ್ಟಿಕೊಂಡಿದ್ದ, ಆ ಡಬ್ಬಿಯ ವಿಷಯವನ್ನು ನನಗೆ ಪ್ರತಿವಾರ ನೆನಪಿಸುತ್ತಿದ್ದ ಜರ್ಮನ್ ಮಹಿಳೆಗೆ ಇರಲಿಲ್ಲ. ಈ ಅನ್ಯಾಯವನ್ನು ನಾನು ಬೇಲಿಯ ಈಚೆಯಿಂದ ಖಂಡಿಸಿದಾಗ ಆಕೆ ಸಮಾಧಾನದಿಂದ, ‘ಹಾಗಾದರೆ ನನ್ನ ಪರವಾಗಿ ನೀವೇ ಹಾಕಿಬಿಡಿ’ ಎಂದು ತಮ್ಮ ಪಕ್ಷದ ಹೆಸರನ್ನು ಹೇಳಿದರು. ನಾನು ‘ಆಗಲಿ, ನೋಡೋಣ’ ಎಂದೆ.

ಎರಡನೆಯ ವಾರಸುದಾರರು ನನ್ನ ಅಮ್ಮ. ಏಪ್ರಿಲ್ 26ರಂದು ಮೈಸೂರಿನಲ್ಲಿ ಲೋಕಸಭೆಗೆ ಮತ ಹಾಕಿ ಬಂದಿದ್ದ ಅವರ ಉಗುರಿನ ಮೇಲಿನ ಶಾಯಿ ಇನ್ನೂ ಪೂರ್ತಿ ಮಾಸಿರದ ದಿನಗಳವು. ಮೇ 22ರಂದು ಪ್ರಧಾನಿ ರಿಷಿ ಸುನಕ್ ಡೌನಿಂಗ್ ಸ್ಟ್ರೀಟಿನ ಬಾಗಿಲ ಮುಂದೆ ನಿಂತು, ಸುರಿಯುವ ಮಳೆಯಲ್ಲಿ ತೊಯ್ದು ತೊಪ್ಪೆಯಾಗುತ್ತ ಚುನಾವಣೆಯನ್ನು ಘೋಷಿಸಿದ್ದನ್ನು ಟೀವಿಯಲ್ಲಿ ನೋಡಿದ ಅಮ್ಮ ಕೂಡಲೇ ಫೋನ್ ಮಾಡಿದರು. ‘ಅಲ್ವೋ, ನಮ್ಮ ಕಡೆ ಅಳಿಯ ಅವನು. ಒಂದು ಕೊಡೆ ಹಿಡಿಯೋರು ಗತಿ ಇಲ್ವೇನೋ ಆ ದೇಶದಲ್ಲಿ?’ ನಾರಾಯಣ ಮೂರ್ತಿ ದಂಪತಿಯ ಅಳಿಯನೆಂದ ಮೇಲೆ ಕರ್ನಾಟಕಕ್ಕೇ ಅಳಿಯ, ಅಳಿಯನಿಗೆ ಮತ ಹಾಕದಿದ್ದರೆ ಬೀಗರ ಮುಂದೆ ಮುಖವೆತ್ತುವುದು ಹೇಗೆ ಎಂಬುದು ಅವರ ಚಿಂತೆ. ಸುನಕ್ ನಿಂತಿರುವುದು ದೂರದ ಯಾರ್ಕ್‌ಶೈರಿನಲ್ಲಿ, ನಾನಿರುವುದು ರೆಡಿಂಗ್ ಪಟ್ಟಣದ ಪಕ್ಕದ ಅರ್ಲಿಯಲ್ಲಿ, ನನ್ನ ಮತಪತ್ರದ ಮೇಲೆ ಅವರ ಹೆಸರೇ ಇರುವುದಿಲ್ಲ ಎಂದು ವಿವರಿಸಿದ ಮೇಲೆ ಅಮ್ಮ ಗುರುತುಗಳತ್ತ ತಿರುಗಿದರು. ಒಂದು ಪಕ್ಷದ್ದು ಮರ, ಒಂದರದು ಕೆಂಪು ಗುಲಾಬಿ, ಇನ್ನೊಂದರದು ಹಕ್ಕಿ ಎಂದೆ. ‘ಗುಲಾಬಿಗೆ ಮುಳ್ಳು, ಹಕ್ಕಿ ನಿಲ್ಲೋದಿಲ್ಲ. ಮರ ಆದ್ರೆ ನೆರಳಾದ್ರೂ ಕೊಡತ್ತೆ’ ಎಂದು ಅವರು ಅರ್ಧ ನಿಮಿಷದಲ್ಲಿ ತೀರ್ಮಾನಿಸಿದರು. ಅಲ್ಲಿ ಬಿಸಿಲೇ ಅಪರೂಪ, ನೆರಳನ್ನು ಯಾರೂ ಕೇಳುವುದಿಲ್ಲ ಎಂಬ ನನ್ನ ವಾದವನ್ನು ಅವರು ಪುರಸ್ಕರಿಸಲಿಲ್ಲ. ಚುನಾವಣೆ ಗುರುವಾರವೆಂದು ತಿಳಿದಾಗ ಮಾತ್ರ ಅವರಿಗೆ ಆ ದೇಶದ ಮೇಲೆ ಗೌರವ ಹುಟ್ಟಿತು. 1935ರಿಂದೀಚೆಗೆ ಬ್ರಿಟನ್ನಿನ ಎಲ್ಲ ಸಾರ್ವತ್ರಿಕ ಚುನಾವಣೆಗಳೂ ಗುರುವಾರವೇ ನಡೆದಿವೆ. ಅದು ರಾಯರ ವಾರವಾದದ್ದು ಕಾಕತಾಳೀಯವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಉಳಿದ ಮೂವರು ಮನೆಬಾಗಿಲಿಗೇ ಬಂದರು. ಬ್ರಿಟನ್ನಿನ ಪ್ರಚಾರದಲ್ಲಿ ಮೆರವಣಿಗೆ, ತಮಟೆ, ಧ್ವನಿವರ್ಧಕಗಳಿಲ್ಲ. ಎದೆಯ ಮೇಲೆ ಪಕ್ಷದ ಬಣ್ಣದ ರಿಬ್ಬನ್ ಹೂವು ಸಿಕ್ಕಿಸಿಕೊಂಡ ಕಾರ್ಯಕರ್ತರು ಮನೆಮನೆಯ ಬಾಗಿಲು ತಟ್ಟಿ, ಯಾರಿಗೆ ಹಾಕುತ್ತೀರಿ ಎಂದು ನೇರವಾಗಿ ಕೇಳಿ, ಉತ್ತರವನ್ನು ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಅವರು ನಿರೀಕ್ಷಿಸುವುದು ಒಂದು ನಿಮಿಷದ ಉತ್ತರವನ್ನು. ಮಳೆಯಲ್ಲಿ ನೆನೆದು ಬಂದ ವಯಸ್ಸಾದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳುಹಿಸುವುದು ನನ್ನಿಂದಾಗದ ಕಾರಣ, ನಾನು ಮೂರು ಪಕ್ಷಗಳವರನ್ನೂ ಬೇರೆಬೇರೆ ದಿನ ಒಳಗೆ ಕೂರಿಸಿ ಫಿಲ್ಟರ್ ಕಾಫಿಯನ್ನೂ ಕೋಡುಬಳೆಯನ್ನೂ ಕೊಟ್ಟೆ. ಅಭ್ಯರ್ಥಿಯು ಮತಕ್ಕಾಗಿ ಮತದಾರನಿಗೆ ತಿಂಡಿತೀರ್ಥ ಕೊಡಿಸಿದರೆ ಅಲ್ಲಿ ಅಪರಾಧ. ಮತದಾರನೇ ಕಾರ್ಯಕರ್ತರಿಗೆ ಕೋಡುಬಳೆ ತಿನ್ನಿಸಿದರೆ ಏನೆಂಬುದನ್ನು ಕಾನೂನು ಮಾಡಿದವರು ಊಹಿಸಿರಲಾರರು. ಅವರಲ್ಲೊಬ್ಬರು ಎರಡನೆಯ ಕೋಡುಬಳೆಯನ್ನು ಮುರಿಯುತ್ತ, ವಲಸೆ ಬರುವವರ ಸಂಖ್ಯೆಯನ್ನು ತಮ್ಮ ಪಕ್ಷ ಹೇಗೆ ಇಳಿಸಲಿದೆ ಎಂಬುದನ್ನು ವಿವರಿಸಿ, ಅಷ್ಟರಲ್ಲಿ ತಾವು ಕುಳಿತಿರುವುದು ಯಾರ ಮನೆಯೆಂಬುದು ನೆನಪಾಗಿ, ‘ಇದು ನಿಮ್ಮಂಥವರ ವಿಷಯವಲ್ಲ’ ಎಂದು ಕೆಂಪಾದರು. ಮೂವರಿಗೂ ನಾನು ಕೊಟ್ಟ ಉತ್ತರ ಅದೇ, ‘ಆಗಲಿ, ನೋಡೋಣ’. ಮೂವರೂ ಪೆನ್ಸಿಲಿನಿಂದ ಏನನ್ನೋ ಬರೆದುಕೊಂಡು ಸಂತೋಷದಿಂದ ಹೊರಟರು.

ಆರನೆಯ ವಾರಸುದಾರನಾದ ನನಗೂ ಒಂದು ಅಭಿಪ್ರಾಯ ಇರಬೇಕೆಂದು ಕರಪತ್ರಗಳನ್ನು ಹರಡಿಕೊಂಡು ಕುಳಿತೆ. ನಮ್ಮ ಅರ್ಲಿ ಅಂಡ್ ವುಡ್ಲಿ ಆ ವರ್ಷವಷ್ಟೇ ಹೊಸದಾಗಿ ಹುಟ್ಟಿದ ಕ್ಷೇತ್ರ. ಅಲ್ಲಿ ಹಿಂದಿನ ಚುನಾವಣೆಯ ಫಲಿತಾಂಶವೆಂಬುದೇ ಇಲ್ಲ. ಆದರೂ ಎರಡು ಕರಪತ್ರಗಳು ಕಂಬದ ನಕ್ಷೆ ಬರೆದು, ‘ಇಲ್ಲಿ ಗೆಲ್ಲಬಲ್ಲವರು ನಾವು ಮಾತ್ರ’ ಎಂದು ಸಾಧಿಸಿದ್ದವು. ಒಂದು ನಕ್ಷೆಯಲ್ಲಿ ಎದುರಾಳಿಯ ಕಂಬ ಹೆಬ್ಬೆರಳಿನಷ್ಟಿದ್ದರೆ, ಇನ್ನೊಂದರಲ್ಲಿ ಅದೇ ಕಂಬ ಆನೆ ಕಟ್ಟುವಷ್ಟಿತ್ತು. ಸ್ವಂತ ಇಷ್ಟದವನಿಗೆ ಹಾಕದೆ, ಕಂಡರಾಗದವನನ್ನು ಸೋಲಿಸಬಲ್ಲವನಿಗೆ ಹಾಕುವ ಲೆಕ್ಕಾಚಾರವೂ ಅಲ್ಲಿ ಬಹಳ ಜನಪ್ರಿಯ. ಆದರೆ ಅದಕ್ಕೆ ಕಂಡರಾಗದವನೊಬ್ಬ ಇರಬೇಕು. ನನಗೆ ಮೂವರೂ ಕೋಡುಬಳೆಯನ್ನು ಹೊಗಳಿದವರು.

ಆ ರಾತ್ರಿ ನನಗೆ ಧೈರ್ಯ ತಂದದ್ದು 1872ರ ಬ್ಯಾಲೆಟ್ ಕಾಯ್ದೆ. ಅದಕ್ಕೂ ಮೊದಲು ಬ್ರಿಟನ್ನಿನಲ್ಲಿ ಎಲ್ಲರೆದುರು ನಿಂತು ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಗೇಣಿದಾರ ಜಮೀನುದಾರನ ಮುಖ ನೋಡಿಕೊಂಡೇ ಮತ ಹಾಕುತ್ತಿದ್ದ. ಆ ಕಾಯ್ದೆ ಬಂದ ಮೇಲೆ ಪಾಂಟಿಫ್ರಾಕ್ಟ್ ಎಂಬ ಊರಿನಲ್ಲಿ ಮೊದಲ ಬಾರಿಗೆ ಗುಟ್ಟಾಗಿ ಮತದಾನ ನಡೆದಾಗ ಪೆಟ್ಟಿಗೆಯ ಅರಗಿಗೆ ಒತ್ತಿದ್ದು, ಆ ಊರಿನ ಜ್ಯೇಷ್ಠಮಧುವಿನ ಮಿಠಾಯಿ ಕಾರ್ಖಾನೆಯ ಮುದ್ರೆಯನ್ನಂತೆ. ಇತಿಹಾಸಕಾರರು ಆ ಕಾಯ್ದೆಗೆ ಏನೇನೋ ದೊಡ್ಡ ಕಾರಣಗಳನ್ನು ಕೊಡಬಹುದು. ಅದು ನನ್ನಂಥ ದಾಕ್ಷಿಣ್ಯದ ಪ್ರಾಣಿಗಳಿಗಾಗಿಯೇ ಹುಟ್ಟಿತೆಂಬುದು ನನ್ನ ದೃಢವಾದ ನಂಬಿಕೆ.

ಮತದಾನ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ. ಹೆಂಡತಿ ಪಾಸ್‌ಪೋರ್ಟ್ ಹಿಡಿದು ಹೊರಟಳು, ‘ನಿಮ್ಮದು ತಗೊಂಡ್ರಾ?’ ಎಂದದ್ದಕ್ಕೆ ನಾನು ಜೇಬು ತಟ್ಟಿ, ಡ್ರೈವಿಂಗ್ ಲೈಸೆನ್ಸ್ ಇದೆ ಎಂದೆ. ಭಾವಚಿತ್ರವಿರುವ ಗುರುತಿನ ಚೀಟಿ ಕಡ್ಡಾಯವಾದ ಮೊದಲ ಸಾರ್ವತ್ರಿಕ ಚುನಾವಣೆ ಅದು. ಅಲ್ಲಿ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಭಾರತದ ಲೈಸೆನ್ಸ್ ನಡೆಯುವುದಿಲ್ಲ. ಮೈಸೂರಿನ ಆರ್‌ಟಿಒ ಕೊಟ್ಟ, ಇಪ್ಪತ್ತನೆಯ ವಯಸ್ಸಿನ ಮೀಸೆಯುಳ್ಳ ನನ್ನ ಲೈಸೆನ್ಸನ್ನು ಮತಗಟ್ಟೆಯ ಮಹಿಳೆ ಹಿಂದೆಮುಂದೆ ತಿರುಗಿಸಿ, ಅತ್ಯಂತ ವಿಷಾದದಿಂದ ಹಿಂದಿರುಗಿಸಿದರು. ಅವಮಾನವಾಯಿತೆಂದು ಹೇಳಲಾರೆ, ಏಕೆಂದರೆ ಈ ಕಾನೂನು ಬಂದಾಗ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಸಾಹೇಬರೇ ನನ್ನ ಈ ಪಾಡಿಗೆ ಎರಡು ತಿಂಗಳ ಹಿಂದೆ ಸ್ಥಳೀಯ ಚುನಾವಣೆಗೆ ಗುರುತಿನ ಚೀಟಿ ಮರೆತು ಹೋಗಿ ವಾಪಸಾಗಿದ್ದರು. ಮನೆಗೆ ಹೋಗಿ ಬರುವಷ್ಟರಲ್ಲಿ ಲಂಡನ್ನಿನ ರೈಲು ತಪ್ಪುತ್ತಿತ್ತು. ಅರ್ಲಿ ಎಂಬ ಊರಿನಲ್ಲಿದ್ದೂ ಮತದಾನಕ್ಕೆ ಲೇಟಾದೆನೆಂದು ನನ್ನನ್ನೇ ಹಳಿದುಕೊಂಡು ಸ್ಟೇಷನ್ನಿಗೆ ಓಡಿದೆ.

ಅನಾಹುತದ ಬೀಜವಿದ್ದದ್ದು ಇಲ್ಲೇ. ಮತಗಟ್ಟೆಯ ಹೊರಗೆ ಪಕ್ಷದ ಕಾರ್ಯಕರ್ತರು ಕುರ್ಚಿ ಹಾಕಿಕೊಂಡು, ಮತ ಹಾಕಿದವರ ಕ್ರಮಸಂಖ್ಯೆಯನ್ನು ಕೇಳಿ ಬರೆದುಕೊಳ್ಳುತ್ತಾರೆ. ಸಂಜೆಯಾಗುತ್ತಿದ್ದಂತೆ, ತಮಗೆ ಹಾಕುತ್ತೇನೆಂದು ಹೇಳಿ ಇನ್ನೂ ಬಾರದಿದ್ದವರ ಮನೆಗೆ ಹೋಗಿ ಬಾಗಿಲು ತಟ್ಟುವುದು ಅಲ್ಲಿಯ ಪದ್ಧತಿ. ಏಳೂವರೆಗೆ ನಾನು ಮನೆ ಸೇರಿ, ಪಾಸ್‌ಪೋರ್ಟ್ ಹುಡುಕಿ ಬಾಗಿಲು ತೆರೆದಾಗ, ಇನ್ನೂ ಬೆಳಕಿದ್ದ ಅಂಗಳದಲ್ಲಿ ಕೆಂಪು, ನೀಲಿ, ಹಳದಿ ಹೂವುಗಳ ಮೂವರು ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಇಣುಕಿ ನೋಡುತ್ತ ನಿಂತಿದ್ದರು. ಮೂರರಲ್ಲೂ ನನ್ನ ಹೆಸರಿನ ಮುಂದೆ ಗುರುತಿತ್ತು. ಬೇಲಿಯಾಚೆ ಜರ್ಮನ್ ಮಹಿಳೆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರು.

ಭೂಮಿ ಬಾಯಿಬಿಡಬಾರದೆ ಎನ್ನಿಸಿದರೂ ಅದು ಬಿಡಲಿಲ್ಲ. ಮೂವರಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಹವಾಮಾನ ಚೆನ್ನಾಗಿದೆ ಎಂದರು. ನಾನೂ ಒಪ್ಪಿದೆ. ಬಳಿಕ ನನ್ನನ್ನು ನಡುವೆ ಬಿಟ್ಟುಕೊಂಡು, ಗಂಡಿನ ಕಡೆಯ ದಿಬ್ಬಣದಂತೆ ನಾಲ್ವರೂ ಮತಗಟ್ಟೆಯವರೆಗೆ ನಡೆದೆವು. ದಾರಿಯುದ್ದಕ್ಕೂ ಅವರು ತಮ್ಮತಮ್ಮಲ್ಲೇ ನಾಯಿಗಳ ಬಗ್ಗೆ ಮಾತನಾಡಿಕೊಂಡರು.

ಒಳಗೆ ಒಂದು ಉದ್ದನೆಯ ಕಾಗದ, ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲು. ಬೇಕಾದ ಹೆಸರಿನ ಮುಂದೆ ಇಂಟು ಮಾರ್ಕ್ ಹಾಕಬೇಕೆಂದು ಬರೆದಿತ್ತು. ಹತ್ತು ವರ್ಷ ಮೇಷ್ಟರ ಕೆಂಪು ಶಾಯಿಯ ಇಂಟು ಮಾರ್ಕುಗಳಿಗೆ ಹೆದರಿ ಬೆಳೆದವನಿಗೆ, ಮೆಚ್ಚಿದ ಅಭ್ಯರ್ಥಿಯನ್ನು ‘ತಪ್ಪು’ ಎಂದು ಗುರುತಿಸುವುದಕ್ಕೆ ಕೈ ಬರಲಿಲ್ಲ. ಉಳಿದವರಿಗೆಲ್ಲ ಇಂಟು ಹಾಕಿ ಒಬ್ಬರನ್ನು ಉಳಿಸಿಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಕೊನೆಗೆ ಏನೋ ಒಂದನ್ನು ಗೀಚಿ, ಮಡಚಿ ಪೆಟ್ಟಿಗೆಗೆ ಹಾಕಿ, ಯಂತ್ರ ಕುಂಯ್ ಎನ್ನುವುದನ್ನು ಕಾಯುತ್ತ ನಿಂತೆ. ಯಂತ್ರವೇ ಇಲ್ಲವೆಂಬುದು ನೆನಪಾಗಿ, ಮೇಜಿನ ಬಳಿ ಹೋಗಿ ಎಡಗೈಯ ತೋರುಬೆರಳನ್ನು ಚಾಚಿದೆ. ನಮ್ಮ ಮೈಸೂರಿನ ಕಾರ್ಖಾನೆ 1962ರಿಂದ ಇಡೀ ಭಾರತದ ಬೆರಳುಗಳಿಗೆ ಶಾಯಿ ಒದಗಿಸುತ್ತಿದೆ; ಅದಿಲ್ಲದೆ ಮತ ಹಾಕಿದ ತೃಪ್ತಿ ನನಗಿಲ್ಲ. ಬೆಳಿಗ್ಗೆಯ ಅದೇ ಮಹಿಳೆ ಬೆರಳನ್ನು ಕನಿಕರದಿಂದ ನೋಡಿ, ಗಾಯವಾಗಿದೆಯೇ ಎಂದು ಕೇಳಿದರು.

ಬೆಳಗಾಗುವಷ್ಟರಲ್ಲಿ ಲೇಬರ್ ಪಕ್ಷ ದೇಶವನ್ನು ಗೆದ್ದಿತ್ತು. ನಮ್ಮ ಕ್ಷೇತ್ರದಲ್ಲಿ ಅದೇ ಪಕ್ಷದ ಯುವಾನ್ ಯಾಂಗ್ ಕೇವಲ 848 ಮತಗಳ ಅಂತರದಿಂದ ಗೆದ್ದಿದ್ದರು. ಅಂತರ ಅಷ್ಟು ಕಡಿಮೆಯಾದದ್ದರಿಂದ ನನ್ನ ಮತದ ಬೆಲೆ ಹೆಚ್ಚಿತು. ಗೆದ್ದ ಪಕ್ಷದವರು ಅಂಗಡಿಯಲ್ಲಿ ಕೈ ಕುಲುಕಿದರು. ಸೋತವರಿಬ್ಬರು, ನಿಮ್ಮ ಪ್ರಯತ್ನ ನೀವು ಮಾಡಿದಿರಿ ಎಂದು ಸಮಾಧಾನ ಹೇಳಿದರು. ಮರಕ್ಕೇ ಹಾಕಿದ್ದಾನೆಂದು ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಯಾಗಿತ್ತು. ಭಾನುವಾರ ಜರ್ಮನ್ ಮಹಿಳೆ, ‘ನನ್ನ ಮತಕ್ಕೆ ವಂದನೆಗಳು’ ಎಂದು ಪ್ಲಮ್ ಹಣ್ಣಿನ ಕೇಕನ್ನು ಬೇಲಿಯ ಮೇಲಿಂದ ಕೊಟ್ಟರು.

ಯಾರಿಗೆ ಹಾಕಿದಿರಿ ಎಂದು ಹೆಂಡತಿ ಕೇಳಲೇ ಇಲ್ಲ. ಕೇಕ್ ಕತ್ತರಿಸುತ್ತ, ‘ಇಂಟು ಮಾರ್ಕೇ ಹಾಕಿದ್ರಿ ತಾನೆ?’ ಎಂದಳು. ನಾನು ಎರಡನೆಯ ಚೂರನ್ನು ಬಾಯಿಗಿಟ್ಟುಕೊಂಡೆ.