ಅಡುಗೆಮನೆಗೆ ಚಪ್ಪಲಿ ಬಂದ ಕಥೆ

ಅತ್ತೆಯ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಕಾಲಿಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆ ನೇಮ ಮುರಿದಿದ್ದು ಗ್ರೈಂಡರಿನ ಪ್ಲಗ್ ಪಾಯಿಂಟ್. ಮಳೆ ಹಿಡಿದು ಗೋಡೆ ಬೆವರತೊಡಗಿದ ಮೇಲೆ ಗ್ರೈಂಡರ್ ಮುಟ್ಟಿದರೆ ಸಾಕು, ಜುಮ್ ಅನ್ನುತ್ತಿತ್ತು. ದೊಡ್ಡ ಶಾಕ್ ಏನಲ್ಲ, ಇರುವೆ ಕಚ್ಚಿದ ಹಾಗೆ. ಹಾಗಾಗಿ ರಿಪೇರಿಗಿಂತ ಉಪಾಯವೇ ಸುಲಭ ಅನ್ನಿಸಿತು. ನಾನು ಹವಾಯಿ ಚಪ್ಪಲಿ ಮೆಟ್ಟಿಕೊಂಡು ದೋಸೆಗೆ ರುಬ್ಬತೊಡಗಿದೆ. ಅತ್ತೆ ಚಪ್ಪಲಿಗೆ ಒಪ್ಪಲಿಲ್ಲ. ಊಟದ ಮಣೆ ತಂದು ಅದರ ಮೇಲೆ ನಿಂತರು. ಬಂದ ನೆಂಟರಿಗೆ "ಕೈಕಾಲು ತೊಳ್ಕೊಳ್ಳಿ" ಅನ್ನುವುದರ ಜೊತೆಗೆ "ಗ್ರೈಂಡರ್ ಮುಟ್ಬೇಡಿ" ಅನ್ನುವುದೂ ಉಪಚಾರದಲ್ಲಿ ಸೇರಿಹೋಯಿತು.

ನಮ್ಮ ಹೊಸನಗರದ ಕಡೆ ಮಳೆಗಾಲದಲ್ಲಿ ಎಲ್ಲದಕ್ಕೂ ಒಂದೇ ಕಾರಣ, ಶೀತ. ಹಪ್ಪಳ ಮೆತ್ತಗಾದರೂ ಶೀತ, ಬಾಗಿಲು ಬಿಗಿಯಾದರೂ ಶೀತ, ಗ್ರೈಂಡರ್ ಶಾಕ್ ಹೊಡೆದರೂ ಶೀತ. "ಬೇಸಿಗೆ ಬಂದ್ರೆ ತಂತಾನೇ ಸರಿ ಆಗ್ತದೆ ಬಿಡು ಮಾರಾಯ್ತಿ" ಅಂದರು ನಮ್ಮನೆಯವರು. 1948ರಲ್ಲೇ ಜೋಗದ ನೀರಿನಿಂದ ಕರೆಂಟ್ ತೆಗೆದ ಜಿಲ್ಲೆ ನಮ್ಮದು. ಒಂದು ಪ್ಲಗ್ ಪಾಯಿಂಟ್ ಯಾವ ಲೆಕ್ಕ, ಅಲ್ವಾ?

ಕೊನೆಗೂ ಎಲೆಕ್ಟ್ರಿಷಿಯನ್ ಬಂದಿದ್ದು ಶಾಕಿನ ದೆಸೆಯಿಂದಲ್ಲ. ಒಂದು ದಿನ ಪ್ಲಗ್ಗೇ ಒಳಗೆ ಹೋಗಲಿಲ್ಲ.

ಆತ ಮೇನ್ ಆಫ್ ಮಾಡಿ ಟಾರ್ಚ್ ಹಿಡಿದ. ಮೇಲಿನ ದೊಡ್ಡ ತೂತಿಗೆ ಯಾರೋ ಕೆಮ್ಮಣ್ಣು ತುಂಬಿ ನುಣ್ಣಗೆ ಸಾರಿಸಿದ್ದರು. ನನ್ನ ಹೇರ್‌ಪಿನ್ ಇಸಕೊಂಡು ಕೆದಕಿದರೆ ಮಣ್ಣಿನ ಜೊತೆ ಸಣ್ಣ ಸಣ್ಣ ಹಸಿರು ಹುಳಗಳು ಉದುರಿದವು. ಗೂಡು ಕಟ್ಟುವ ಕಣಜ ತನ್ನ ಮರಿಗೆ ಬುತ್ತಿ ಇಟ್ಟು, ಬಾಗಿಲು ಹಾಕಿಕೊಂಡು ಹೋಗಿತ್ತು. ಕೆಳಗಿನ ಎರಡು ತೂತಿಗೆ ಒಳಗಿಂದ ಮುಚ್ಚಳ ಇರುತ್ತದೆ, ಮೇಲಿನದಕ್ಕೆ ಇರುವುದಿಲ್ಲ. ಬಾಡಿಗೆಯಿಲ್ಲದ ಮನೆ ಯಾವುದು ಅಂತ ಹುಳಕ್ಕೂ ಗೊತ್ತು.

"ಶಾಕ್ ಹೊಡೆಯೋದು ಇದ್ರಿಂದ ಅಲ್ಲ ಅಕ್ಕಾ" ಅಂದ. ಬೋರ್ಡ್ ಬಿಚ್ಚಿದ. ಬಿಚ್ಚಿದ ಕೂಡಲೇ, "ಯಾರು ಮಾಡಿದ್ದು ಈ ವೈರಿಂಗು?" ಈ ಪ್ರಶ್ನೆ ಕೇಳದ ಎಲೆಕ್ಟ್ರಿಷಿಯನ್ನನ್ನು ನಾನಂತೂ ನೋಡಿಲ್ಲ. ಕರೆಂಟ್ ಬರುವ ಫೇಸೂ ಕೆಂಪು ವೈರು, ವಾಪಸ್ ಹೋಗುವ ನ್ಯೂಟ್ರಲ್ಲೂ ಕೆಂಪು ವೈರು. ಬಲಗಡೆ ಇರಬೇಕಾದ ಫೇಸು ಎಡಗಡೆ ಕೂತಿತ್ತು. ಅರ್ಥಿಂಗಿನ ಹಸಿರು ವೈರ್ ಮಾತ್ರ ಅಚ್ಚುಕಟ್ಟಾಗಿತ್ತು. ಆದರೆ ಅದರಲ್ಲಿ ಅರ್ಥಿಂಗೇ ಇರಲಿಲ್ಲ.

ಪ್ಲಗ್ಗಿನಲ್ಲಿ ಅರ್ಥಿಂಗಿನ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದ ಇರುವುದು ಸುಮ್ನೆ ಅಲ್ಲವಂತೆ. ಅದು ಮೊದಲು ಒಳಗೆ ಕೂರಬೇಕು, ಕಡೆಗೆ ಹೊರಗೆ ಬರಬೇಕು. ಗ್ರೈಂಡರಿನ ಮೈಗೆ ಸೋರಿದ ಕರೆಂಟ್ ಆ ದಾರಿಯಲ್ಲಿ ನೆಲಕ್ಕೆ ಇಳಿಯಬೇಕು. ಆ ದಾರಿ ಇಲ್ಲದಿದ್ದರೆ ನಾವೇ ದಾರಿ.

ಹುಡುಕುತ್ತಾ ಬಚ್ಚಲುಮನೆ ಹಿಂದಕ್ಕೆ ಹೋದೆವು. ಅರ್ಥಿಂಗ್ ಪೈಪ್ ನೆಲದಲ್ಲಿ ಭದ್ರವಾಗಿತ್ತು. ಗೋಡೆಯಿಂದ ಇಳಿದ ದಪ್ಪ ತಂತಿ ಮಾತ್ರ ಅರ್ಧಕ್ಕೇ ನಿಂತಿತ್ತು. ಉಳಿದರ್ಧ ದೂರವೇನೂ ಹೋಗಿರಲಿಲ್ಲ. ಪಕ್ಕದ ಬಸಳೆ ಚಪ್ಪರದ ಗೂಟಕ್ಕೆ ಬಿಗಿಯಾಗಿ ಸುತ್ತಿತ್ತು. ಗಾಳಿಮಳೆಗೆ ಆ ಚಪ್ಪರ ಒಂದಿಂಚೂ ವಾಲಿರಲಿಲ್ಲ. ಅತ್ತೆ ಬಸಳೆ ಕುಡಿ ನೋಡಿದರು, ನಮ್ಮನೆಯವರು ಮೋಡ ನೋಡಿದರು. ಮಾವ ಮಾತ್ರ, "ಒಳ್ಳೇ ತಂತಿ ಅದು. ಎಷ್ಟು ಮಳೆ ಬಿದ್ರೂ ತುಕ್ಕು ಹಿಡಿಯಲ್ಲ" ಅಂದರು. ಕತ್ತರಿಸಿದ್ದು ಯಾರು ಅಂತ ಇವತ್ತಿಗೂ ಪತ್ತೆಯಾಗಿಲ್ಲ.

ಹೊಸ ತಂತಿ ಬಂತು. ಪೈಪಿನ ಸುತ್ತ ಉಪ್ಪು, ಇದ್ದಿಲು ಬಿತ್ತು. "ಬೇಸಿಗೇಲಿ ಗುಂಡಿಗೆ ನೀರು ಹಾಕ್ತಾ ಇರಿ" ಅಂದ. "ಬಸಳೆಗೆ ಹಾಕಿದ್ದೇ ಅದಕ್ಕೂ ಸಾಕಾಗ್ತದೆ" ಅಂದರು ಅತ್ತೆ. ಮೇನ್ ಬೋರ್ಡಿಗೆ ಆರ್‌ಸಿಸಿಬಿ ಅನ್ನುವ ಸ್ವಿಚ್ಚೂ ಸೇರಿತು. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಎಂಸಿಬಿ ಸ್ವಿಚ್ಚಿಗೆ ಸಣ್ಣ ಸೋರಿಕೆ ತಿಳಿಯುವುದಿಲ್ಲ. ಇದು ಹಾಗಲ್ಲ, 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿದುಹಾಕುತ್ತದೆ.

ಕಡಿಯಿತು. ಅದೇ ವಾರ ಜಡಿಮಳೆ, ಗ್ರೈಂಡರಿನಲ್ಲಿ ಅರ್ಧ ಅರೆದ ಅಕ್ಕಿ, ಇಡೀ ಮನೆ ಕತ್ತಲೆ. ಸ್ವಿಚ್ ಎತ್ತಿದರೆ ಟಕ್ ಅಂತ ಮತ್ತೆ ಕೆಳಗೆ. ಕೊಟ್ಟಿಗೆಯ ಬಲ್ಬ್ ಹೋಲ್ಡರಿಗೆ ನೀರು ಇಳಿದಿತ್ತಂತೆ. ಅದು ಗೊತ್ತಾಗಿದ್ದು ಮಾರನೇ ದಿನ. ಆ ರಾತ್ರಿ ಅಡುಗೆಮನೆ ಕತ್ತಲಿಂದ ಅತ್ತೆಯ ದನಿ ಬಂತು:

"ಮೊದ್ಲು ಜುಮ್ ಅಂತಿತ್ತು ಅಷ್ಟೆ. ದೋಸೆಗೆ ಹಿಟ್ಟಾದ್ರೂ ಆಗ್ತಿತ್ತು."