ಚೆಂಡೆಲ್ಲಿ?

ಆಟಕ್ಕೆ ಎಲ್ಲರಿಗಿಂತ ಹತ್ತಿರ ಕೂತು, ಆಟವನ್ನು ಎಲ್ಲರಿಗಿಂತ ಕಡಿಮೆ ನೋಡುವ ಜೀವಿ ಯಾರೆಂದರೆ ಕ್ರೀಡಾ ಫೋಟೋಗ್ರಾಫರ್. ಕಾಲೇಜಿನಿಂದ ಇಂಟರ್ನ್ ಆಗಿ ಬಂದ ಹುಡುಗ ಹುಡುಗಿಯರ ಪಾಡಂತೂ ಇನ್ನೂ ಒಂದು ಕೈ ಮೇಲು. ಗ್ಯಾಲರಿಯ ಕೊನೆಯ ಸಾಲಿನವರಿಗೂ ಇಡೀ ಮೈದಾನ ಕಾಣುತ್ತದೆ. ಗೆರೆಯ ಪಕ್ಕ ಮಂಡಿಯೂರಿದವರಿಗೆ ಕಾಣುವುದು ಒಬ್ಬನ ಮೊಣಕಾಲು, ಇನ್ನೊಬ್ಬನ ಬೆನ್ನು, ನಡುವೆ ಎಲ್ಲಿಂದಲೋ ನುಗ್ಗಿದ ರೆಫರಿ. ಮೇಲಾಗಿ ಚಪ್ಪಾಳೆ ತಟ್ಟುವಂತಿಲ್ಲ. ಪತ್ರಕರ್ತರ ಜಾಗದಲ್ಲಿ ಕೂತವರು ಯಾವ ತಂಡಕ್ಕೂ ಜೈ ಅನ್ನಬಾರದು ಎಂಬ ಹಳೆಯ ಕಟ್ಟುಪಾಡು ಇದೆ. ಕೈಗಳೆರಡೂ ಕ್ಯಾಮೆರಾ ಹಿಡಿದಿರುವುದರಿಂದ ಅದನ್ನು ಪಾಲಿಸುವುದೇನೂ ಕಷ್ಟವಲ್ಲ ಅನ್ನಿ.

ಇಂಟರ್ನ್ ಪಾಲಿನ ಆಟ ಸೀಟಿ ಊದುವ ಎರಡು ಗಂಟೆ ಮೊದಲೇ ಶುರುವಾಗುತ್ತದೆ. ಬ್ಯಾಟರಿ ತುಂಬಿದೆಯೇ, ಚಿತ್ರಗಳು ಹೋಗಿ ಕೂರುವ ಮೆಮೊರಿ ಕಾರ್ಡು ಖಾಲಿಯೇ ಎಂದು ನೋಡುವುದು ಎಲ್ಲರಿಗೂ ಗೊತ್ತು. ಹೊಸಬರು ಮರೆಯುವುದು ಗಡಿಯಾರವನ್ನು. ಒಂದು ಪಂದ್ಯಕ್ಕೆ ಎರಡು ಮೂರು ಕ್ಯಾಮೆರಾ ಇರುತ್ತವೆ, ಕೊನೆಗೆ ಅವುಗಳ ಚಿತ್ರಗಳೆಲ್ಲ ಒಂದೇ ರಾಶಿಗೆ ಬಂದು ಸಮಯದ ಪ್ರಕಾರ ಸಾಲುಗಟ್ಟುತ್ತವೆ. ಒಂದು ಕ್ಯಾಮೆರಾ ಮೂರು ನಿಮಿಷ ಹಿಂದಿದ್ದರೆ ಸಾಕು, ಗೋಲಿಗೆ ಮೊದಲೇ ಗೋಲಿನ ಸಂಭ್ರಮ ಮುಗಿದುಹೋಗಿರುತ್ತದೆ. ತಣ್ಣಗಿನ ಕೋಣೆಯಿಂದ ಸೆಕೆಯ ಮೈದಾನಕ್ಕೆ ಬಂದೊಡನೆ ಚೀಲ ತೆರೆಯುವುದೂ ಅವಸರದವರ ಕೆಲಸವೇ. ಲೆನ್ಸಿನ ಗಾಜಿನ ಮೇಲೆ ಹಬೆ ಕೂರುತ್ತದೆ, ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲದ ಬಾಯಿ ಮುಚ್ಚಿಟ್ಟು ಅರ್ಧ ಗಂಟೆ ಬಿಟ್ಟರೆ ಒಳಗಿನ ಸಾಮಾನೂ ಹೊರಗಿನ ಗಾಳಿಯಷ್ಟೇ ಬೆಚ್ಚಗಾಗಿ ತಂಟೆ ತಪ್ಪುತ್ತದೆ.

ಕಾರ್ಡಿನ ಮೊದಲ ಚಿತ್ರ ಯಾವುದಿರಬೇಕು? ಎರಡೂ ತಂಡಗಳ ಆಟಗಾರರ ಪಟ್ಟಿ. ಹೆಸರು, ಅಂಗಿಯ ನಂಬರು ಸ್ಪಷ್ಟವಾಗಿ ಕಾಣುವಂತೆ ಆ ಕಾಗದದ್ದೇ ಒಂದು ಫೋಟೋ. ಕಾಗದ ಮಳೆಗೆ ನೆನೆಯುತ್ತದೆ, ಗಾಳಿಗೆ ಹಾರುತ್ತದೆ. ಕಾರ್ಡಿನೊಳಗಿನ ಪಟ್ಟಿ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಚೆಂಡಿನ ವಿಚಾರ. ಪತ್ರಿಕೆಯ ಕಚೇರಿಯಲ್ಲಿ ಚಿತ್ರ ಆರಿಸುವ ಡೆಸ್ಕಿನಲ್ಲಿ ಕೂತವರು ಯಾವ ಚಿತ್ರ ನೋಡಿದರೂ ಮೊದಲು ಕೇಳುವುದು ಅದನ್ನೇ: "ಚೆಂಡೆಲ್ಲಿ?" ಚೆಂಡಿಲ್ಲದ ಫುಟ್ಬಾಲ್ ಚಿತ್ರದಲ್ಲಿ ಇಬ್ಬರು ಚಡ್ಡಿ ತೊಟ್ಟ ಗಂಡಸರು ಯಾವುದೋ ಹಳೆಯ ಸಾಲದ ವಿಷಯಕ್ಕೆ ಕೈ ಕೈ ಮಿಲಾಯಿಸಿದಂತೆ ಕಾಣುತ್ತದೆ. ಚೆಂಡು ಬೇಕು, ಮುಖ ಬೇಕು, ಸಾಧ್ಯವಾದರೆ ಎರಡೂ ಒಂದೇ ಚೌಕಟ್ಟಿನಲ್ಲಿ ಬೇಕು. ಆದರೆ ಚೆಂಡಿಗೆ ಇದೊಂದೂ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡು ಒಂದು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, 1/1000 ಸೆಕೆಂಡ್ ತೆರೆದಿದ್ದರೆ ಅಷ್ಟರೊಳಗೆ ಚೆಂಡು ಸುಮಾರು 4 ಸೆಂಟಿಮೀಟರ್ ಸರಿದಿರುತ್ತದೆ. ಚೆಂಡಿನ ಅಗಲವೇ 7 ಸೆಂಟಿಮೀಟರ್ ಚಿಲ್ಲರೆ. ಹಾಗಾಗಿ ಚಿತ್ರದಲ್ಲಿ ಅದು ಗುಂಡಗಿರದೆ ಮೊಟ್ಟೆಯಾಗಿರುತ್ತದೆ. 1/4000ಕ್ಕೆ ಏರಿಸಿದರೆ ಒಂದು ಸೆಂಟಿಮೀಟರಿಗೆ ಇಳಿದು, ಹೊಲಿಗೆ ಕೂಡ ಕಾಣತೊಡಗುತ್ತದೆ. ಸರಿ, ಸೆಕೆಂಡಿಗೆ 20 ಚಿತ್ರ ಹೊಡೆಯುವ ಕ್ಯಾಮೆರಾ ಇದೆಯಲ್ಲ, ಗುಂಡಿ ಒತ್ತಿ ಹಿಡಿದರೆ ಬ್ಯಾಟಿಗೆ ಬಡಿಯುವ ಗಳಿಗೆ ಸಿಕ್ಕೇ ಸಿಗುತ್ತದೆ ಎಂದು ಹೊಸಬರು ನಂಬಿರುತ್ತಾರೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು ಹೆಚ್ಚುಕಡಿಮೆ ಎರಡು ಮೀಟರ್ ಓಡಿರುತ್ತದೆ! ಒಂದರಲ್ಲಿ ಇನ್ನೂ ಬಂದಿಲ್ಲ, ಮತ್ತೊಂದರಲ್ಲಿ ಆಗಲೇ ಹೋಗಿದೆ. ಬ್ಯಾಟಿನ ಮೇಲೇ ಚೆಂಡು ಕೂತ ಚಿತ್ರ ಸಿಕ್ಕಿತೆಂದರೆ ಅದರಲ್ಲಿ ಅದೃಷ್ಟದ ಪಾಲೂ ಇದೆ. ಹಳೆಯ ಕೈಗಳು ಬ್ಯಾಟು ಇಳಿಯುವ ಲಯ ಹಿಡಿದು ಚೂರು ಮೊದಲೇ ಒತ್ತುತ್ತಾರೆ. ಕಣ್ಣಿಗೆ ಕಂಡ ಮೇಲೆ ಒತ್ತಿದರೆ ಬೆರಳು ತಲುಪುವಷ್ಟರಲ್ಲಿ ತಡವಾಗಿರುತ್ತದೆ.

ಒತ್ತಿ ಹಿಡಿಯುವ ಚಟಕ್ಕೆ ಇನ್ನೊಂದು ದಂಡವೂ ಇದೆ. ಚಿತ್ರಗಳು ಕಾರ್ಡಿಗೆ ಇಳಿಯುವ ಮೊದಲು ಬಫರ್ ಎಂಬ ಸಣ್ಣ ತೊಟ್ಟಿಯಲ್ಲಿ ನಿಲ್ಲುತ್ತವೆ. ಕಾರ್ಡು ನಿಧಾನದ್ದಾದರೆ ತೊಟ್ಟಿ ತುಂಬಿ ಕ್ಯಾಮೆರಾ ಕುಂಟುತ್ತದೆ. ಅದು ಕುಂಟುವುದು ಬೇಸರದ ಥ್ರೋ-ಇನ್ ಹೊತ್ತಿನಲ್ಲಲ್ಲ, ಸರಿಯಾಗಿ ಗೋಲಿನ ಹೊತ್ತಿಗೇ.

ದೊಡ್ಡ ಲೆನ್ಸು ಎಂದರೆ ಎಲ್ಲ ಸುಲಭ ಅಂದುಕೊಳ್ಳುವವರಿದ್ದಾರೆ. 400 ಮಿಲಿಮೀಟರ್ ಲೆನ್ಸನ್ನು ಎಫ್ 2.8ಕ್ಕೆ, ಅಂದರೆ ಅದರ ಬಾಯಿ ಬಹಳ ಅಗಲವಾಗಿ, ತೆರೆದು 20 ಮೀಟರ್ ದೂರದ ಆಟಗಾರನ ಮೇಲೆ ಹಿಡಿದರೆ, ನಿಚ್ಚಳವಾಗಿ ಕಾಣುವ ಪಟ್ಟಿಯ ಆಳ ಸುಮಾರು 40 ಸೆಂಟಿಮೀಟರ್ ಮಾತ್ರ. ಆತ ಒಂದು ಹೆಜ್ಜೆ ಮುಂದಿಟ್ಟರೆ ಪಟ್ಟಿಯಿಂದಾಚೆ. ಅದಕ್ಕೇ ಫೋಕಸ್ಸು ಆಟಗಾರನನ್ನು ಬಿಡದೆ ಹಿಂಬಾಲಿಸುವಂತೆ ಇಟ್ಟುಕೊಂಡು, ಅದರ ಕೆಲಸವನ್ನು ಶಟರ್ ಗುಂಡಿಯಿಂದ ಬಿಡಿಸಿ ಕ್ಯಾಮೆರಾ ಬೆನ್ನಿನ ಗುಂಡಿಗೆ ಕೊಡುತ್ತಾರೆ. ಹೆಬ್ಬೆರಳು ಹಿಡಿಯುತ್ತದೆ, ತೋರುಬೆರಳು ಹೊಡೆಯುತ್ತದೆ. ರೆಫರಿ ಅಡ್ಡ ಬಂದಾಗ ಹೆಬ್ಬೆರಳನ್ನು ಒಂದು ಕ್ಷಣ ಎತ್ತಬೇಕು. ಎತ್ತದಿದ್ದರೆ ಆ ದಿನದ ಅತ್ಯಂತ ಸ್ಪಷ್ಟ ಚಿತ್ರ ರೆಫರಿಯ ಕಿವಿಯದಾಗಿರುತ್ತದೆ.

ಒಳಾಂಗಣ ಆಟಗಳದ್ದು ಬೇರೆಯೇ ಗೋಳು. ದೀಪ ಸಾಲದೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಳತೆಯಾದ ಐಎಸ್ಒವನ್ನು 3200, 6400 ಎಂದು ಏರಿಸಬೇಕು. ಫ್ಲ್ಯಾಶ್ ಹಾಕುವಂತಿಲ್ಲ, ಆಟಗಾರರ ಕಣ್ಣಿಗೆ ರಾಚುತ್ತದೆ. ಇದೆಲ್ಲ ಆದ ಮೇಲೂ ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಕಾಮಾಲೆ ಹಿಡಿದಂತೆ ಹಳದಿ. ಕೆಟ್ಟಿರುವುದು ಕ್ಯಾಮೆರಾ ಅಲ್ಲ. 50 ಹರ್ಟ್ಸ್ ವಿದ್ಯುತ್ತಿನ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತವೆ. ಕಣ್ಣಿಗೆ ಗೊತ್ತಾಗದ ಇಳಿತಕ್ಕೆ 1/1000ದ ಶಟರ್ ಹೋಗಿ ಸಿಕ್ಕಿಕೊಳ್ಳುತ್ತದೆ. ದೀಪದ ಏರಿನಲ್ಲಷ್ಟೇ ಹೊಡೆಯುವಂತೆ ಮಾಡುವ ಏರ್ಪಾಡು ಈಗಿನ ಅನೇಕ ಕ್ಯಾಮೆರಾಗಳಲ್ಲಿದೆ, ಮೆನುವಿನ ಯಾವುದೋ ಮೂಲೆಯಲ್ಲಿ. ಹುಡುಕಿ ಇಟ್ಟುಕೊಳ್ಳುವುದು ಪಂದ್ಯಕ್ಕೆ ಮೊದಲಿನ ಕೆಲಸ.

ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಶಟರ್ ವರವೇ ಸರಿ. ಓಟದವರು "ಸೆಟ್" ಎಂಬ ಕೂಗು ಕೇಳಿದ ಮೇಲೆ ಗುಂಡಿನ ಸದ್ದಿಗೆ ಉಸಿರು ಹಿಡಿದು ಕಾಯುವಾಗ, ಗಾಲ್ಫಿನಲ್ಲಿ ಕೋಲು ಮೇಲೆತ್ತಿದಾಗ ಟಿಕ್ ಎಂದರೆ ಮೈದಾನದಿಂದ ಹೊರಗೆ ಕಳಿಸಿಯಾರು. ಆದರೆ ಬಹುಪಾಲು ಕ್ಯಾಮೆರಾಗಳಲ್ಲಿ ಈ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಯುವಷ್ಟರಲ್ಲಿ ಬೀಸಿದ ಕೋಲು ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಉಕ್ಕಿನ ಕೋಲು ಬಾಳೆದಿಂಡಿನಂತೆ ಬಾಗಿರುತ್ತದೆ.

ಇಷ್ಟು ವಿದ್ಯೆ ಇದ್ದರೂ ಕೂತ ಜಾಗ ತಪ್ಪಿದರೆ ಮುಗಿಯಿತು. 1965ರ ಮೇ 25ರಂದು ಬಾಕ್ಸರ್ ಮುಹಮ್ಮದ್ ಅಲಿ ಮೊದಲ ಸುತ್ತಿನಲ್ಲೇ ಎದುರಾಳಿ ಸೋನಿ ಲಿಸ್ಟನ್‌ನನ್ನು ಕೆಡವಿ, ಮೇಲೆ ನಿಂತು ಗುಡುಗಿದ ಚಿತ್ರ ಎಲ್ಲರೂ ನೋಡಿದ್ದೇ. ತೆಗೆದವರು 22 ವರ್ಷದ ನೀಲ್ ಲೀಫರ್. ಅದನ್ನು ಇನ್ನೊಮ್ಮೆ ನೋಡುವುದಾದರೆ ಅಲಿಯ ಕಾಲುಗಳ ನಡುವೆ ನೋಡಬೇಕು. ಅಖಾಡದ ಆಚೆ ಬದಿಯಲ್ಲಿ ಕ್ಯಾಮೆರಾ ಹಿಡಿದ ಮತ್ತೊಬ್ಬ ಫೋಟೋಗ್ರಾಫರ್ ಇದ್ದಾರೆ. ಲೀಫರ್ ಅವರದೇ ಪತ್ರಿಕೆಯ ಹಿರಿಯರು. ಅವರ ಕಡೆಗಿದ್ದದ್ದು ಅಲಿಯ ಬೆನ್ನು.

ಕೂರುವುದೂ ಹೇಗೆಂದರೆ ಹಾಗಲ್ಲ. ನಿಂತು ತೆಗೆದರೆ ಆಟಗಾರರ ಹಿಂದೆ ಬರೀ ಹುಲ್ಲು, ಜಾಹೀರಾತಿನ ಹಲಗೆ. ಮಂಡಿಯೂರಿ ಕ್ಯಾಮೆರಾ ತಗ್ಗಿಸಿದರೆ ಅವರು ಎತ್ತರವಾಗಿ ಕಾಣುತ್ತಾರೆ, ಹಿಂದಿನ ಗದ್ದಲವೆಲ್ಲ ದೂರ ಸರಿದು ಮಸುಕಾಗುತ್ತದೆ. ಬೆಲೆ ತೆರುವುದು ಮಂಡಿ. ಗೋಲಾದೊಡನೆ ಬೆನ್ನಿನ ಪರದೆಯಲ್ಲಿ ಬಗ್ಗಿ ನೋಡುವ ಚಪಲವನ್ನಂತೂ ಅದುಮಲೇಬೇಕು. ಹೊಡೆದವನು ಬಾಯಿ ತೆರೆದು ಎದುರಿಗೇ ಓಡಿಬರುವುದು, ಗೋಲ್‌ಕೀಪರ್ ಕಂಬಕ್ಕೆ ಒರಗುವುದು ಎಲ್ಲ ಆಗಲೇ. ಅದಾದ ಮೇಲೆ ಹೊಡೆದವನ ಬೆನ್ನಿನ ನಂಬರಿಗೊಂದು, ಸ್ಕೋರ್‌ಬೋರ್ಡಿಗೊಂದು ಚಿತ್ರ ತೆಗೆದಿಟ್ಟುಕೊಂಡವರು ಮಧ್ಯಂತರದಲ್ಲಿ ಬದುಕಿಕೊಳ್ಳುತ್ತಾರೆ.

ಮಧ್ಯಂತರ ಆಟಗಾರರಿಗೆ ವಿರಾಮ. ಇಂಟರ್ನ್‌ಗೆ 15 ನಿಮಿಷದ ಪರೀಕ್ಷೆ. ಕಾರ್ಡಿಂದ ಚಿತ್ರ ಇಳಿಸಬೇಕು, ನೂರಾರರಲ್ಲಿ ಐದಾರು ಆರಿಸಬೇಕು, ವಾಲಿದ ಗೋಲುಕಂಬ ನೆಟ್ಟಗೆ ಮಾಡಬೇಕು, ಅಂಚು ಕತ್ತರಿಸಬೇಕು, ಅಡಿಬರಹ ಬರೆಯಬೇಕು. ಯಾರು, ಏನು, ಯಾರ ವಿರುದ್ಧ, ಎಲ್ಲಿ, ಯಾವ ದಿನ. ಬಲ್ಲವರು ಮೊದಲೇ ಸಂಕೇತ ಬರೆದಿಟ್ಟಿರುತ್ತಾರೆ. "ಎ10" ಎಂದು ಒತ್ತಿದರೆ ಎ ತಂಡದ ಹತ್ತನೇ ನಂಬರಿನವನ ಪೂರ್ತಿ ಹೆಸರು ಬಂದು ಕೂರುತ್ತದೆ. ಅವಸರದಲ್ಲಿ ಎ ಬದಲು ಬಿ ಒತ್ತಿದರೆ ಎದುರಾಳಿಯೇ ಗೋಲು ಹೊಡೆದಂತಾಗಿ, ಮರುದಿನದ ತಿದ್ದುಪಡಿಗೆ ಗ್ರಾಸ. ಚಿತ್ರ ತುಸು ಮಸುಕಾಗಿದ್ದರೆ ಓದುಗರು ಕ್ಷಮಿಸಿಬಿಡುತ್ತಾರೆ. ಹೆಸರು ತಪ್ಪಾದರೆ ಆ ಆಟಗಾರನ ತಾಯಿ ಕ್ಷಮಿಸುವುದಿಲ್ಲ.

ತುಂಬಿದ ಕಾರ್ಡನ್ನು ಪೆಟ್ಟಿಗೆಯಲ್ಲಿ ಬೋರಲು ಹಾಕುವುದು, ಖಾಲಿಯದನ್ನು ಅಂಗಾತ ಇಡುವುದು ಒಂದು ಪದ್ಧತಿ. ಎರಡು ಕಡೆ ನಕಲು ಆಗುವವರೆಗೆ ಬೋರಲಿದ್ದದ್ದನ್ನು ಮುಟ್ಟಬಾರದು.

ರಾತ್ರಿ ಮನೆ ಸೇರಿದಾಗ ಕೇಳುತ್ತಾರೆ: ಅಷ್ಟು ಹತ್ತಿರ ಕೂತಿದ್ದೆಯಲ್ಲ, ಆ ಎರಡನೇ ಗೋಲು ಹೇಗಾಯಿತು? ಎಡಗಾಲೋ ಬಲಗಾಲೋ? ಇಂಟರ್ನ್ ಲ್ಯಾಪ್‌ಟಾಪ್ ತೆರೆದು, ಆ ಸಾಲಿನ ಹದಿನಾಲ್ಕನೇ ಚಿತ್ರವನ್ನು ದೊಡ್ಡದು ಮಾಡಿ, ಕಣ್ಣು ಕಿರಿದಾಗಿಸಿ ನೋಡತೊಡಗುತ್ತಾನೆ.