ಕೋಣೆಯ ಒಳಗೇ ಉಳಿದ ಬೀಗದ ಕೈ

ಈ ಬರಹವನ್ನು ಪರದೇಶದ ಹೋಟೆಲೊಂದರ ವೈಫೈ ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನೆ ನಡುರಾತ್ರಿ ವಿಮಾನದಿಂದ ಇಳಿದು, ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಲಗೇಜಿಗಾಗಿ ಕಾಯುತ್ತ ನಿಂತಿದ್ದಾಗ ಕಂಡದ್ದು ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಸಿಟ್ಟು ಆರುವ ಮೊದಲೇ ಬರೆದುಬಿಡಬೇಕು ಎನಿಸಿತು. ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ, ಒಂದು ಕೈಯಲ್ಲಿ ಫೋನ್ ನಂಬರ್ ಬರೆದ ಚೀಟಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, ಕಂಬಕ್ಕೆ ಅಂಟಿಸಿದ್ದ ‘ಉಚಿತ ವೈಫೈ’ ಫಲಕದ ಎದುರು ನಿಂತಿದ್ದರು. ವೈಫೈ ಸಿಕ್ಕಿತ್ತು. ಆದರೆ ಅದನ್ನು ಬಳಸುವ ಮುನ್ನ ಮೊಬೈಲ್ ನಂಬರ್ ಕೊಡಬೇಕು, ಆ ನಂಬರಿಗೆ ಎಸ್‌ಎಂಎಸ್ ಮೂಲಕ ಒಟಿಪಿ ಬರುತ್ತದೆ, ಅದನ್ನು ತುಂಬಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಅವರ ಸಿಮ್‌ನಲ್ಲಿ ರೋಮಿಂಗ್, ಅಂದರೆ ಪರದೇಶದ ಜಾಲದಲ್ಲೂ ಕೆಲಸ ಮಾಡುವ ಸೌಲಭ್ಯ, ಇರಲಿಲ್ಲ, ಆದ್ದರಿಂದ ಎಸ್‌ಎಂಎಸ್ ಬರುವ ಮಾತೇ ಇರಲಿಲ್ಲ. ಆದರೂ ಪರದೆಯ ಮೇಲೆ ಅರವತ್ತು ಸೆಕೆಂಡು ಎಣಿಸಿ ‘ಮತ್ತೆ ಕಳುಹಿಸಿ’ ಎಂಬ ಗುಂಡಿ ಕಾಣಿಸಿಕೊಂಡಾಗಲೆಲ್ಲ ಅದನ್ನು ಒತ್ತುತ್ತಿದ್ದರು. ನಾನು ನೋಡುತ್ತಿದ್ದಂತೆಯೇ ನಾಲ್ಕು ಬಾರಿ ಒತ್ತಿದರು.

ವರ್ಷಕ್ಕೆ ಎರಡು ಮೂರು ಬಾರಿಯಾದರೂ ಕೆಲಸದ ಮೇಲೆ ದೇಶ ದಾಟುವವನು ನಾನು ಎಂಬುದು ನಿಮಗೆಲ್ಲ ಗೊತ್ತು. ಈ ಒಂದು ವಿಷಯದ ಬಗ್ಗೆ ನಾನು ಈ ಗೋಡೆಯ ಮೇಲೆ ಹಿಂದೆಯೂ ಗೊಣಗಿದ್ದೇನೆ, ಆಗ ನಿಮ್ಮಲ್ಲಿ ಕೆಲವರು ‘ಇದೊಂದು ದೊಡ್ಡ ವಿಷಯವೇ’ ಎಂದು ಕೇಳಿದ್ದೂ ನೆನಪಿದೆ. ದೊಡ್ಡ ವಿಷಯವೇ ಹೌದು. ಇಂಟರ್ನೆಟ್ ಇಲ್ಲದವರಿಗಾಗಿ ಇಟ್ಟ ಸೌಲಭ್ಯವನ್ನು ಆಗಲೇ ಸಂಪರ್ಕ ಇರುವವರಷ್ಟೇ ಬಳಸಲು ಸಾಧ್ಯವಾದರೆ, ಅದು ಬೀಗ ಹಾಕಿಕೊಂಡ ಕೋಣೆಯ ಒಳಗೇ ಬೀಗದ ಕೈ ಉಳಿದುಹೋದಂತೆ. ಹಾಗೆ ಉಳಿಸಿದವರು ನಾವಲ್ಲ, ಬಾಗಿಲು ಮಾಡಿದವರು.

ಇದು ವೈಫೈ ಒಂದರ ಕಥೆಯೂ ಅಲ್ಲ. ಸ್ಥಳೀಯ ಸಿಮ್ ಮಾರುವ ಕೌಂಟರು ಆ ಹೊತ್ತಿನಲ್ಲಿ ಮುಚ್ಚಿತ್ತು. ಪಕ್ಕದಲ್ಲೇ ಇ-ಸಿಮ್‌ನ, ಅಂದರೆ ಕಾರ್ಡಿಲ್ಲದೆ ಇಂಟರ್ನೆಟ್ ಮೂಲಕವೇ ಫೋನಿಗೆ ಇಳಿಸಿಕೊಳ್ಳುವ ಸಿಮ್‌ನ, ದೊಡ್ಡ ಜಾಹೀರಾತು ಬೆಳಗುತ್ತಿತ್ತು. ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಂದು ಜಾಲತಾಣ ತೆರೆಯಬೇಕು, ತೆರೆಯಲು ಇಂಟರ್ನೆಟ್ ಬೇಕು. ಹೇಗೋ ತೆರೆದರೂ ಹಣ ಪಾವತಿಸಬೇಕು, ಪಾವತಿಯನ್ನು ದೃಢೀಕರಿಸಲು ಬ್ಯಾಂಕಿನ ಒಟಿಪಿ ಬೇಕು, ಆ ಒಟಿಪಿ ಬರುವುದು ರೋಮಿಂಗ್ ಇಲ್ಲದ ಅದೇ ಸಿಮ್‌ಗೆ. ರೋಮಿಂಗನ್ನೇ ಶುರು ಮಾಡಿಸೋಣ ಎಂದರೆ ಕಂಪನಿಯ ಆ್ಯಪ್ ತೆರೆಯಬೇಕು. ಆ್ಯಪ್‌ಗೂ ಇಂಟರ್ನೆಟ್ ಬೇಕು, ಲಾಗಿನ್ ಆಗಲು ಮತ್ತೊಂದು ಒಟಿಪಿ ಬೇಕು. ಯಾವ ಬಾಗಿಲಿಗೆ ಹೋದರೂ ಇನ್ನೊಂದು ಬಾಗಿಲಿನ ಕಡೆ ಕೈ ತೋರಿಸುತ್ತಾರೆ, ಆ ಬಾಗಿಲಲ್ಲಿ ನಿಂತರೆ ಮೊದಲ ಬಾಗಿಲಿಗೇ ಹಿಂತಿರುಗಿಸುತ್ತಾರೆ.

ತಂತ್ರಜ್ಞಾನಕ್ಕೆ ಇದು ಕಷ್ಟದ ಕೆಲಸವಾಗಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಈ ಸಮಸ್ಯೆಯನ್ನು ಎಂಜಿನಿಯರುಗಳು ಮೂವತ್ತು ವರ್ಷಗಳಿಗೂ ಹಿಂದೆಯೇ ಬಿಡಿಸಿಟ್ಟಿದ್ದಾರೆ. 1987ರಲ್ಲಿ ಯೂರೋಪಿನ 13 ದೇಶಗಳ ದೂರವಾಣಿ ಸಂಸ್ಥೆಗಳು ಕೋಪನ್‌ಹೇಗನ್‌ನಲ್ಲಿ ಒಂದೇ ಮೊಬೈಲ್ ಮಾನದಂಡಕ್ಕೆ ಒಪ್ಪಿ ಸಹಿ ಹಾಕಿದವು. ಅದೇ ಜಿಎಸ್‌ಎಂ. ಆ ಮಾನದಂಡದ ಮೊದಲ ವಾಣಿಜ್ಯ ಕರೆ 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ಹೋಯಿತು, ಮಾಡಿದವರು ಮಾಜಿ ಪ್ರಧಾನಿ ಹ್ಯಾರಿ ಹೋಲ್ಕೇರಿ. ಮರುವರ್ಷವೇ ಫಿನ್ಲೆಂಡಿನ ಕಂಪನಿಗೂ ಬ್ರಿಟನ್ನಿನ ಕಂಪನಿಗೂ ಮೊದಲ ಅಂತಾರಾಷ್ಟ್ರೀಯ ರೋಮಿಂಗ್ ಒಪ್ಪಂದ ಆಯಿತು. ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲಿ ತಾನಾಗಿ ಕೆಲಸ ಮಾಡಬೇಕು ಎಂಬುದು ಈ ಮಾನದಂಡಕ್ಕೆ ಆಮೇಲೆ ಅಂಟಿಸಿದ ಅನುಕೂಲವಲ್ಲ, ಅದು ಹುಟ್ಟಿದ್ದೇ ಈ ಉದ್ದೇಶವನ್ನು ಹೊತ್ತುಕೊಂಡು.

ನಾವು ವಿಮಾನ ಇಳಿದು ಫೋನಿನ ಏರೋಪ್ಲೇನ್ ಮೋಡ್ ತೆಗೆದ ಕೂಡಲೇ ಏನಾಗುತ್ತದೆ ಎಂಬುದನ್ನು ಒಮ್ಮೆ ಗಮನಿಸಿ. ಫೋನು ಸುತ್ತಲಿನ ಟವರುಗಳನ್ನು ಹುಡುಕುತ್ತದೆ. ಸಿಮ್‌ನೊಳಗೆ ಹೆಚ್ಚೆಂದರೆ 15 ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದರ ಮೊದಲ ಮೂರು ಅಂಕಿಗಳು ನಾವು ಯಾವ ದೇಶದವರೆಂದೂ ಮುಂದಿನ ಎರಡು ಮೂರು ಅಂಕಿಗಳು ಯಾವ ಕಂಪನಿಯ ಗ್ರಾಹಕರೆಂದೂ ಹೇಳುತ್ತವೆ. ಅಲ್ಲಿನ ಜಾಲವು ನಮ್ಮ ಕಂಪನಿಯ ಜಾಲವನ್ನು ‘ಇವರು ನಿಮ್ಮವರೇ, ಸೇವೆ ಕೊಡಬಹುದೇ’ ಎಂದು ಕೇಳುತ್ತದೆ, ಉತ್ತರ ಕೆಲವೇ ಸೆಕೆಂಡುಗಳಲ್ಲಿ ಬರುತ್ತದೆ. ಅಜ್ಜಿಯ ಫೋನೂ ನಿನ್ನೆ ರಾತ್ರಿ ಇಷ್ಟನ್ನು ಮಾಡಿರುತ್ತದೆ. ಸಾವಿರಾರು ಮೈಲಿಯ ಆಚೆಗಿನ ಒಂದು ಕಂಪ್ಯೂಟರು ಅವರನ್ನು ಗುರುತಿಸಿ, ಇವರಿಗೆ ರೋಮಿಂಗ್ ಇಲ್ಲ, ಬಿಡಬೇಡಿ ಎಂದು ಉತ್ತರಿಸಿರುತ್ತದೆ. ತಂತ್ರಜ್ಞಾನಕ್ಕೆ ಅವರು ಯಾರೆಂದು ಗೊತ್ತಾಯಿತು, ಆದರೆ ಹೊರಗೆ ಕಾಯುತ್ತಿದ್ದ ಅವರ ಮಗನಿಗೆ ಅವರು ಎಲ್ಲಿದ್ದಾರೆಂದು ಗೊತ್ತಾಗಲಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ, ಏಕೆಂದರೆ ರೋಮಿಂಗ್ ತೆಗೆಸಿ ಹೊರಡುವುದು ಯಾರೂ ಮರೆವಿನಿಂದ ಮಾಡುವ ಕೆಲಸವಲ್ಲ, ಹೆದರಿಕೆಯಿಂದ ಮಾಡುವ ಕೆಲಸ. ನಾವು ಹೋದ ದೇಶದ ಜಾಲದವರು ನಮ್ಮ ಕಂಪನಿಗೆ ಸಗಟು ದರದಲ್ಲಿ ಲೆಕ್ಕ ಕಳುಹಿಸುತ್ತಾರೆ, ಕಂಪನಿ ತನ್ನ ಪಾಲು ಸೇರಿಸಿ ನಮಗೆ ಬಿಲ್ಲು ಮಾಡುತ್ತದೆ. ಹೀಗಾಗಿ ದರ ಹೆಚ್ಚಾಗುವುದು ಅನಿವಾರ್ಯ ಎಂಬ ವಿವರಣೆಯನ್ನು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆಯನ್ನು ಬಿಡಿಸಿದ್ದು ಯೂರೋಪ್ ಒಕ್ಕೂಟ. ಅಲ್ಲಿ 2007ರಲ್ಲಿ ರೋಮಿಂಗ್ ಕರೆಗಳ ದರಕ್ಕೆ ಮಿತಿ ಹಾಕಲು ಆರಂಭಿಸಿದರು, ವರ್ಷದಿಂದ ವರ್ಷಕ್ಕೆ ಆ ಮಿತಿಯನ್ನು ಇಳಿಸುತ್ತ ಬಂದರು, 2010ರ ಜುಲೈಯಿಂದ ಡೇಟಾ ಬಿಲ್ಲು ಸುಮಾರು 50 ಯೂರೊ ತಲುಪಿದರೆ ಸೇವೆ ತಾನಾಗಿ ನಿಲ್ಲಬೇಕೆಂದರು, 2017ರ ಜೂನ್ 15ರಂದು ಸದಸ್ಯ ದೇಶಗಳ ನಡುವಿನ ಹೆಚ್ಚುವರಿ ಶುಲ್ಕವನ್ನೇ ತೆಗೆದುಹಾಕಿದರು. 2022ರಲ್ಲಿ ಆ ವ್ಯವಸ್ಥೆಯನ್ನು 2032ರವರೆಗೆ ಮುಂದುವರಿಸಿದರು. ಯಾವ ಜಾಲವೂ ಕುಸಿಯಲಿಲ್ಲ. ಅದೇ ಒಕ್ಕೂಟದಿಂದ ಬ್ರಿಟನ್ ಹೊರಬಂದು ಆ ನಿಯಮದ ಹಿಡಿತ ತಪ್ಪಿದ ಮೇಲೆ ಅಲ್ಲಿನ ಹಲವು ಕಂಪನಿಗಳು ಹೆಚ್ಚುವರಿ ಶುಲ್ಕವನ್ನು ಮತ್ತೆ ತಂದವು. ಟವರುಗಳು ಅವೇ, ಸಮುದ್ರದಡಿಯ ಕೇಬಲ್ಲುಗಳು ಅವೇ. ಇಷ್ಟಾದ ಮೇಲೂ ಇದನ್ನು ತಾಂತ್ರಿಕ ಅನಿವಾರ್ಯ ಎಂದು ಕರೆಯಲು ನನ್ನಿಂದ ಸಾಧ್ಯವಿಲ್ಲ.

ಆ ನಿಯಮದ ಅಂಚಿನಲ್ಲೂ ಪ್ರಯಾಣಿಕರು ಬೀಳುವ ಹೊಂಡಗಳಿವೆ. ಸ್ವಿಟ್ಜರ್ಲೆಂಡ್ ಯೂರೋಪಿನ ನಡುವೆಯೇ ಇದ್ದರೂ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ, ಆದ್ದರಿಂದ ಅಲ್ಲಿ ಈ ರಕ್ಷಣೆ ಅನ್ವಯಿಸುವುದಿಲ್ಲ; ಗಡಿಯ ಹತ್ತಿರದ ಊರಿನಲ್ಲಿ ಇಳಿದುಕೊಂಡವರ ಫೋನು ಆಚೆ ಕಡೆಯ ಟವರನ್ನು ಹಿಡಿದುಬಿಟ್ಟರೆ, ಗಡಿ ದಾಟದೆಯೇ ಗಡಿ ದಾಟಿದ ಬಿಲ್ಲು ಬರುತ್ತದೆ. ಹಡಗಿನಲ್ಲಿ ಹೋಗುವವರಂತೂ ಇನ್ನೂ ಎಚ್ಚರವಾಗಿರಬೇಕು, ದಡ ದೂರವಾದ ಮೇಲೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ಸದ್ದಿಲ್ಲದೆ ಸೇರಿಕೊಳ್ಳಬಹುದು, ಅದರ ದರಕ್ಕೂ ನೆಲದ ಮೇಲಿನ ದರಕ್ಕೂ ಹೋಲಿಕೆಯೇ ಇಲ್ಲ. ಇಂಥ ಬಿಲ್ಲನ್ನು ಒಮ್ಮೆ ಕಂಡ ಮನೆಯವರು ಮುಂದಿನ ಸಲ ಹಿರಿಯರನ್ನು ಕಳುಹಿಸುವಾಗ ‘ರೋಮಿಂಗ್ ಬೇಡವೇ ಬೇಡ’ ಎಂದು ಹೇಳಿ ಕಳುಹಿಸುತ್ತಾರೆ. ಅವರನ್ನು ನಾನು ದೂರಲಾರೆ.

‘ಮೊದಲೇ ಸಿದ್ಧತೆ ಮಾಡಿಕೊಳ್ಳಬೇಕಿತ್ತು’ ಎಂದು ಈಗ ಯಾರಾದರೂ ಬರೆಯುತ್ತೀರಿ. ಸಿದ್ಧತೆ ಮಾಡಿಕೊಳ್ಳಬಲ್ಲವರು ಮಾಡಿಕೊಳ್ಳಲಿ, ನಾನೂ ಮಾಡಿಕೊಳ್ಳುತ್ತೇನೆ. ಎರಡು ಸಿಮ್ ಇಡಬಹುದಾದ ಫೋನಿದ್ದರೆ ಮನೆಯ ನಂಬರನ್ನು ಎಸ್‌ಎಂಎಸ್‌ಗಾಗಿ ಮಾತ್ರ ಜೀವಂತವಾಗಿಟ್ಟು, ಅದರ ಡೇಟಾ ರೋಮಿಂಗನ್ನು ಆಫ್ ಮಾಡಿ, ಪ್ರಯಾಣದ ಇ-ಸಿಮ್‌ನಿಂದ ಇಂಟರ್ನೆಟ್ ಬಳಸುವುದು ಇವತ್ತಿಗೆ ಇರುವ ಉತ್ತಮ ದಾರಿ. ಇ-ಸಿಮ್ಮನ್ನು ಮನೆಯ ವೈಫೈ ಇರುವಾಗಲೇ ಫೋನಿಗೆ ಇಳಿಸಿಕೊಂಡಿರಬೇಕು, ಅರ್ಧದಲ್ಲಿ ಅಳಿಸಬಾರದು, ಏಕೆಂದರೆ ಅದೇ ಕ್ಯೂಆರ್ ಕೋಡ್ ಎರಡನೆಯ ಸಲ ಕೆಲಸ ಮಾಡದಿರುವುದೇ ಹೆಚ್ಚು. ಆದರೆ ಇಷ್ಟನ್ನು ಹೇಳಲು ನನಗೆ ಎಷ್ಟು ಪದಗಳು ಬೇಕಾದವು ನೋಡಿ. ಇ-ಸಿಮ್ ಹಿಡಿಯದ ಹಳೆಯ ಫೋನು, ಬೇರೆ ಕಂಪನಿಯ ಸಿಮ್ ಒಪ್ಪದಂತೆ ಲಾಕ್ ಆದ ಫೋನು, ಇಂಗ್ಲಿಷ್ ಓದಲು ಬಾರದ ಕಣ್ಣು, ಸೆಟ್ಟಿಂಗ್ಸ್ ಮುಟ್ಟಲು ಹೆದರುವ ಬೆರಳು, ಇವೆಲ್ಲ ಇರುವವರೂ ಟಿಕೆಟ್ ಕೊಂಡೇ ವಿಮಾನ ಹತ್ತುತ್ತಾರೆ. ಇಷ್ಟೆಲ್ಲ ಮಾಡಿಕೊಂಡು ಹೋದವರಿಗೂ ಪ್ರಯಾಣದ ಇ-ಸಿಮ್‌ಗಳಲ್ಲಿ ಬಹುಪಾಲು ಬರೀ ಡೇಟಾ ಸಿಗುತ್ತದೆ, ನಂಬರ್ ಸಿಗುವುದಿಲ್ಲ. ಸ್ಥಳೀಯ ನಂಬರ್ ಕೇಳುವ ಟ್ಯಾಕ್ಸಿ ಆ್ಯಪ್‌ನ ಎದುರು, ರೈಲು ಟಿಕೆಟ್ಟಿನ ಎದುರು, ಅದೇ ವೈಫೈ ಪುಟದ ಎದುರು ಅವರೂ ಅಜ್ಜಿಯ ಸಾಲಿನಲ್ಲೇ ನಿಲ್ಲಬೇಕು.

ಭದ್ರತೆಯ ವಾದವೂ ಇದೆ. ಸಾರ್ವಜನಿಕ ವೈಫೈ ಬಳಸುವವರು ಯಾರೆಂದು ತಿಳಿದಿರಬೇಕು, ಆದ್ದರಿಂದ ನಂಬರ್ ಕೇಳುತ್ತಾರೆ ಎನ್ನುತ್ತಾರೆ. ಈ ವಾದವನ್ನು ಬೇರೆ ಯಾವ ಜಾಗದಲ್ಲಾದರೂ ಒಪ್ಪಬಹುದು, ವಿಮಾನ ನಿಲ್ದಾಣದ ಆಗಮನದ ಬಾಗಿಲಿನಲ್ಲಿ ಒಪ್ಪಲಾರೆ. ಹತ್ತು ನಿಮಿಷದ ಹಿಂದೆ ಅದೇ ಕಟ್ಟಡದಲ್ಲಿ ಆ ಅಜ್ಜಿಯ ಪಾಸ್‌ಪೋರ್ಟ್ ನೋಡಿದ್ದಾರೆ, ಮುಖದ ಚಿತ್ರ ತೆಗೆದಿದ್ದಾರೆ, ಬೆರಳಚ್ಚು ಪಡೆದಿದ್ದಾರೆ, ಮುದ್ರೆ ಒತ್ತಿ ಒಳಗೆ ಬಿಟ್ಟಿದ್ದಾರೆ. ದೇಶದೊಳಗೆ ಬಿಡಲು ಸಾಕಾದ ಗುರುತು ಅರ್ಧ ಗಂಟೆಯ ವೈಫೈಗೆ ಸಾಲದೇ? ಪಾಸ್‌ಪೋರ್ಟನ್ನು ಸ್ಕ್ಯಾನ್ ಮಾಡಿದರೆ ವೈಫೈ ಕೋಡ್ ಮುದ್ರಿಸಿ ಕೊಡುವ ಯಂತ್ರಗಳನ್ನು ಬೇರೆ ನಿಲ್ದಾಣಗಳಲ್ಲಿ ನಾನೇ ಬಳಸಿದ್ದೇನೆ. ಯಂತ್ರ ಕೊಳ್ಳಲು ಹಣವಿಲ್ಲದಿದ್ದರೆ, ಮೇಜಿನ ಹಿಂದೆ ಕುಳಿತ ಒಬ್ಬ ಸಿಬ್ಬಂದಿ ಚೀಟಿಯ ಮೇಲೆ ಬರೆದುಕೊಟ್ಟರೂ ಸಾಕು.

ಹಿಂದೆ ಮೊಬೈಲೇ ಇಲ್ಲದೆ ಜನ ಲೋಕ ಸುತ್ತಲಿಲ್ಲವೇ ಎನ್ನುವವರಿಗೆ ಒಂದೇ ಮಾತು: ಆಗ ಆ ಕಂಬದ ಪಕ್ಕದಲ್ಲಿ ನಾಣ್ಯ ಹಾಕುವ ಫೋನ್ ಇರುತ್ತಿತ್ತು. ಅದನ್ನು ಕಿತ್ತು ಹಾಕಿದ ಜಾಗದಲ್ಲೇ ಇ-ಸಿಮ್‌ನ ಜಾಹೀರಾತು ನಿಂತಿದೆ.

ಇಷ್ಟು ಸಿಟ್ಟಿನಲ್ಲಿ ಬರೆಯುತ್ತಿರುವವನು ನಿನ್ನೆ ರಾತ್ರಿ ಏನು ಮಾಡಿದ ಎಂಬುದನ್ನೂ ಹೇಳಬೇಕು. ನನ್ನ ಫೋನಿನಲ್ಲಿ ರೋಮಿಂಗ್ ಪ್ಯಾಕ್ ಇತ್ತು. ಹಾಟ್‌ಸ್ಪಾಟ್ ಆನ್ ಮಾಡಿ ನನ್ನ ಇಂಟರ್ನೆಟ್ಟನ್ನು ಅವರಿಗೆ ಕೊಡಬಹುದು ಎಂಬುದು ಅವರು ಮೊದಲ ಸಲ ಗುಂಡಿ ಒತ್ತಿದಾಗಲೇ ನನಗೆ ಹೊಳೆದಿತ್ತು. ಆದರೂ ನಾನು ನಾಲ್ಕನೆಯ ಸಲದವರೆಗೆ ಕಾದೆ. ಪ್ಯಾಕಿನಲ್ಲಿ ಉಳಿದಿದ್ದ ಡೇಟಾ ಸ್ವಲ್ಪ, ಮುಂದಿನ ಮೂರು ದಿನ ಅದರಲ್ಲೇ ಕಳೆಯಬೇಕು, ಅವರ ಫೋನು ಸಂಪರ್ಕ ಸಿಕ್ಕ ಕೂಡಲೇ ಚಿತ್ರ, ವಿಡಿಯೊ, ಅಪ್‌ಡೇಟ್ ಎಂದು ಎಲ್ಲವನ್ನೂ ಎಳೆದುಕೊಂಡರೆ ಗತಿಯೇನು ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಬಾಯಾರಿದವರ ಎದುರು ನೀರಿನ ಬಾಟಲಿಯನ್ನು ಚೀಲದೊಳಗೆ ಸರಿಸಿದವನಿಗೂ ನನಗೂ ಆ ಮೂರು ನಾಲ್ಕು ನಿಮಿಷ ವ್ಯತ್ಯಾಸವಿರಲಿಲ್ಲ. ಮನೆಯಲ್ಲಿದ್ದಾಗ ಪಕ್ಕದ ಸೀಟಿನವರು ಕೇಳಿದರೆ ಯೋಚಿಸದೆ ಪಾಸ್‌ವರ್ಡ್ ಹೇಳುವವನು ನಾನು. ಗಡಿ ದಾಟಿದ ಮೇಲೆ ಪ್ರತಿ ಮೆಗಾಬೈಟ್ ಎಣಿಸುವಂತೆ ಮಾಡಿದ ದರಪಟ್ಟಿ ನನ್ನ ಕೈಯನ್ನು ಹಿಡಿದಿತ್ತು ಎಂಬುದು ನಿಜ, ಆದರೆ ಕೈ ನನ್ನದೇ.

ಕೊನೆಗೆ ಹತ್ತಿರ ಹೋದೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ನನ್ನ ಫೋನಿನ ಪರದೆಯನ್ನು ತೋರಿಸಿ, ಅವರ ಫೋನಿಗೆ ಪಾಸ್‌ವರ್ಡ್ ಒತ್ತಿಕೊಟ್ಟೆ. ಸಂಪರ್ಕ ಸಿಕ್ಕ ಕೂಡಲೇ ಸಂದೇಶಗಳು ಒಂದರ ಮೇಲೊಂದು ಬೀಳತೊಡಗಿದವು, ಎಲ್ಲವೂ ಒಬ್ಬರಿಂದಲೇ. ಅವರು ಕರೆ ಮಾಡಿ ನಾಲ್ಕೈದು ಮಾತು ಆಡಿ ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಒಬ್ಬ ಯುವಕ ತಡವರಿಸುವ ಇಂಗ್ಲಿಷಿನಲ್ಲಿ, ತಾನು ಎರಡು ಗಂಟೆಯಿಂದ ಬೇರೆ ಟರ್ಮಿನಲ್ಲಿನ ಹೊರಗೆ ಕಾಯುತ್ತಿರುವುದಾಗಿಯೂ ಅಮ್ಮ ಯಾವ ಬಾಗಿಲಲ್ಲಿ ಇದ್ದಾರೆಂದು ಹೇಳಬೇಕೆಂದೂ ಕೇಳಿದ. ನೆತ್ತಿಯ ಮೇಲಿನ ಫಲಕ ನೋಡಿ ಸಂಖ್ಯೆ ಹೇಳಿದೆ. ಅವನು ಬಂದು ಸೇರುವವರೆಗೂ ಹಾಟ್‌ಸ್ಪಾಟ್ ಆರಿಸಲಿಲ್ಲ. ಆಮೇಲೆ ಪ್ಯಾಕಿನ ಲೆಕ್ಕ ತೆರೆದು ನೋಡಿದರೆ, ನಾನು ಅಷ್ಟೊಂದು ಹಿಂಜರಿದ ಆ ಇಡೀ ಉಪಕಾರಕ್ಕೆ ಖರ್ಚಾಗಿದ್ದದ್ದು ಒಂಬತ್ತು ಮೆಗಾಬೈಟ್.

ಇಂದು ಬೆಳಿಗ್ಗೆ ಆ ನಿಲ್ದಾಣದ ಆಡಳಿತಕ್ಕೆ ಪತ್ರ ಬರೆದಿದ್ದೇನೆ: ಆಗಮನದ ಕಡೆ ನಂಬರ್ ಕೇಳದ ಅರ್ಧ ಗಂಟೆಯ ವೈಫೈ ಇರಬೇಕು, ಪಾಸ್‌ಪೋರ್ಟ್ ತೋರಿಸಿದವರಿಗೆ ಕೋಡ್ ಕೊಡುವ ಒಂದು ಮೇಜು ರಾತ್ರಿಯೂ ತೆರೆದಿರಬೇಕು, ಉಚಿತವಾಗಿ ಒಂದು ಕರೆ ಮಾಡಬಹುದಾದ ಫೋನೊಂದು ಆ ಕಂಬದ ಬಳಿ ಇರಬೇಕು. ಉತ್ತರ ಬಂದರೆ ಇಲ್ಲಿಯೇ ಹಾಕುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಬೇರೆ ನಿಲ್ದಾಣಗಳಲ್ಲಿ ಇದೇ ಅನುಭವ ಆಗಿದ್ದರೆ, ಯಾವ ನಿಲ್ದಾಣ, ಯಾವ ಹೊತ್ತು, ಪರದೆಯ ಮೇಲೆ ಏನು ಕೇಳಿದರು ಎಂಬುದನ್ನು ನನಗೆ ಇನ್‌ಬಾಕ್ಸ್ ಮಾಡಿ, ಅವರಿಗೂ ಬರೆಯುತ್ತೇನೆ.